ಇಮ್ರಾನ್ ಖಾನ್ ಮತ್ತು 1971ರ ಢಾಕಾ: ಒಬ್ಬ ಕ್ರಿಕೆಟಿಗನ ನೆನಪು, ಒಂದು ದೇಶದ ಮೌನ

2024ರ ಮೇ 26ರಂದು ಇಮ್ರಾನ್ ಖಾನ್ ಅವರ ಎಕ್ಸ್ ಖಾತೆಯಲ್ಲಿ ಒಂದು ವಿಡಿಯೊ ಕಾಣಿಸಿಕೊಂಡಿತು. ಖಾತೆ ಯಾರ ಹೆಸರಿನಲ್ಲಿತ್ತೋ ಆ ಮನುಷ್ಯ ಆಗ ರಾವಲ್ಪಿಂಡಿಯ ಅಡಿಯಾಲಾ ಜೈಲಿನಲ್ಲಿದ್ದರು. ವಿಡಿಯೊದ ಜೊತೆಗಿದ್ದ ಬರಹದ ಸಾರಾಂಶ ಇಷ್ಟು: ಪ್ರತಿಯೊಬ್ಬ ಪಾಕಿಸ್ತಾನಿಯೂ 1971ರ ಸೋಲಿನ ತನಿಖೆ ನಡೆಸಿದ ಹಮೂದುರ್ ರಹಮಾನ್ ಆಯೋಗದ ವರದಿಯನ್ನು ಓದಬೇಕು, ಓದಿ, ನಿಜವಾದ ದ್ರೋಹಿ ಆಗಿನ ಸೇನಾಡಳಿತಗಾರ ಜನರಲ್ ಯಾಹ್ಯಾ ಖಾನ್ ಆಗಿದ್ದರೋ ಪೂರ್ವ ಪಾಕಿಸ್ತಾನದ ನಾಯಕ ಶೇಖ್ ಮುಜೀಬುರ್ ರಹಮಾನ್ ಆಗಿದ್ದರೋ ಎಂಬುದನ್ನು ತಿಳಿದುಕೊಳ್ಳಬೇಕು. ಇದಾದ ಕೆಲವೇ ದಿನಗಳಲ್ಲಿ ಪಾಕಿಸ್ತಾನದ ಫೆಡರಲ್ ತನಿಖಾ ಸಂಸ್ಥೆ ವಿಚಾರಣೆ ಶುರುಮಾಡಿತು, ಇಮ್ರಾನ್ ಅವರ ಪಕ್ಷವಾದ ಪಾಕಿಸ್ತಾನ್ ತೆಹ್ರೀಕ್-ಎ-ಇನ್ಸಾಫ್‌ನ ಹಿರಿಯ ನಾಯಕರಿಗೆ ನೋಟಿಸು ಹೋಯಿತು, ಖಾತೆಯನ್ನು ನಡೆಸುತ್ತಿರುವುದು ಇಮ್ರಾನ್ ಅಲ್ಲವೆಂದು ಪಕ್ಷದವರು ಸಮಜಾಯಿಷಿ ಹೇಳಬೇಕಾಯಿತು.

ಐವತ್ಮೂರು ವರ್ಷದ ಹಿಂದೆ ಪೂರ್ವ ಪಾಕಿಸ್ತಾನ ಬೇರ್ಪಟ್ಟು ಬಾಂಗ್ಲಾದೇಶವಾದ ಸಂಗತಿಯ ಬಗ್ಗೆ, ಸರ್ಕಾರವೇ ನೇಮಿಸಿದ ಆಯೋಗದ, ಸರ್ಕಾರವೇ ಬಿಡುಗಡೆ ಮಾಡಿದ ವರದಿಯನ್ನು ಓದಿ ಎಂದದ್ದಕ್ಕೆ ತನಿಖೆ ನಡೆಯುತ್ತದೆಂದರೆ, ಆ ಸಂಗತಿ ಇನ್ನೂ ಇತಿಹಾಸವಾಗಿಲ್ಲ, ಅದು ಇವತ್ತಿನ ರಾಜಕೀಯದ ಭಾಗವಾಗಿಯೇ ಉಳಿದಿದೆ ಎಂದೇ ಅರ್ಥ. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ. ಈ ಮಾತನ್ನು ಹೇಳಿದವರು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಆ ದೇಶದ ಪ್ರಧಾನಿಯಾಗಿದ್ದವರು. 1971ರ ಬಗ್ಗೆ ತಾವು ಕಂಡದ್ದನ್ನು ಕಂಡ ಹಾಗೆ ಹೇಳುವ ಧೈರ್ಯವಿದ್ದ ಪಾಕಿಸ್ತಾನಿ ನಾಯಕರು ವಿರಳ, ಇಮ್ರಾನ್ ಅವರಲ್ಲೊಬ್ಬರು. ಆದರೂ ಆ ನೆನಪು ಅವರ ಬಾಯಿಂದ ಯಾವಾಗ ಹೊರಡುತ್ತದೆ, ಯಾರ ಮೇಲೆ ಬೆರಳು ತೋರಿಸುತ್ತದೆ ಎಂಬುದು ಅವರು ಆಯಾ ಕಾಲಕ್ಕೆ ಸೇನೆಯಿಂದ ಎಷ್ಟು ದೂರದಲ್ಲಿದ್ದರು ಎಂಬುದಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಈ ಎರಡು ಸತ್ಯಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಇಮ್ರಾನ್ ಅವರಿಗೂ ಅನ್ಯಾಯ, ಪಾಕಿಸ್ತಾನದ ಇತಿಹಾಸಕ್ಕೂ ಅನ್ಯಾಯ.

ಮೊದಲು ಅವರು ಕಂಡದ್ದೇನು ಎಂಬುದನ್ನು ನೋಡೋಣ. 1970ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆದು, 300 ಸಾಮಾನ್ಯ ಸ್ಥಾನಗಳಲ್ಲಿ ಪೂರ್ವ ಪಾಕಿಸ್ತಾನಕ್ಕೆ ಸೇರಿದ 162ರ ಪೈಕಿ 160ನ್ನು ಮುಜೀಬುರ್ ರಹಮಾನ್ ಅವರ ಅವಾಮಿ ಲೀಗ್ ಗೆದ್ದಿತ್ತು. ಪಶ್ಚಿಮದಲ್ಲಿ ಅತಿ ದೊಡ್ಡ ಪಕ್ಷವಾಗಿದ್ದ ಜುಲ್ಫಿಕರ್ ಅಲಿ ಭುಟ್ಟೊ ಅವರ ಪಾಕಿಸ್ತಾನ್ ಪೀಪಲ್ಸ್ ಪಾರ್ಟಿಗೆ ಸಿಕ್ಕದ್ದು 81. ಸರಳ ಲೆಕ್ಕದಲ್ಲಿ ಮುಜೀಬ್ ಪ್ರಧಾನಿಯಾಗಬೇಕಿತ್ತು. 1971ರ ಮಾರ್ಚ್ 3ರಂದು ಢಾಕಾದಲ್ಲಿ ರಾಷ್ಟ್ರೀಯ ಶಾಸನಸಭೆ ಸೇರುವುದೆಂದು ಗೊತ್ತಾಗಿತ್ತು. ಮಾರ್ಚ್ 1ರಂದು ಢಾಕಾ ಕ್ರೀಡಾಂಗಣದಲ್ಲಿ ವಿದೇಶಿ ತಂಡವೊಂದರ ವಿರುದ್ಧ ಪಾಕಿಸ್ತಾನ ತಂಡದ ಪಂದ್ಯ ನಡೆಯುತ್ತಿತ್ತು. ಪಾಕಿಸ್ತಾನ ತಂಡದಲ್ಲಿದ್ದ ಬಂಗಾಳಿ ಹುಡುಗ ರಕೀಬುಲ್ ಹಸನ್ ಇನಿಂಗ್ಸ್ ಆರಂಭಿಸಲು ಬಂದಾಗ ಅವರ ಬ್ಯಾಟಿನ ಮೇಲೆ 'ಜೊಯ್ ಬಾಂಗ್ಲಾ' ಎಂಬ ಸ್ಟಿಕರ್ ಅಂಟಿಸಿತ್ತು. ಅಧಿವೇಶನವನ್ನು ಯಾಹ್ಯಾ ಖಾನ್ ಮುಂದೂಡಿದ್ದಾರೆಂಬ ಸುದ್ದಿ ರೇಡಿಯೊದಲ್ಲಿ ಬಂದದ್ದೇ ತಡ, ಜನ ಗ್ಯಾಲರಿಗಳನ್ನು ಬಿಟ್ಟು ಬೀದಿಗಿಳಿದರು. ಪಂದ್ಯ ಅಲ್ಲಿಗೇ ನಿಂತಿತು. ಒಂದು ದೇಶ ಒಡೆದುಹೋಗುವ ಮುನ್ನದ ಕ್ಷಣವನ್ನು ನನಗೆ ಯಾವ ರಾಜಕೀಯ ಭಾಷಣಕ್ಕಿಂತಲೂ ಹತ್ತಿರದಿಂದ ತೋರಿಸುವುದು ಆ ಬ್ಯಾಟಿನ ಮೇಲಿನ ಎರಡು ಪದ.

ಅದೇ ತಿಂಗಳು ಹದಿನೆಂಟರ ಹರೆಯದ ಇಮ್ರಾನ್ ಕಿರಿಯರ ತಂಡದೊಂದಿಗೆ ಪಂದ್ಯವಾಡಲು ಢಾಕಾಕ್ಕೆ ಹೋಗಿದ್ದರು. ಮಾರ್ಚ್ 25ರ ರಾತ್ರಿ ಸೇನೆಯ ದಮನ ಕಾರ್ಯಾಚರಣೆ ಆರಂಭವಾಗುವ ಮುಂಚೆ ಅಲ್ಲಿಂದ ಹೊರಟ ಕೊನೆಯ ವಿಮಾನಗಳಲ್ಲೊಂದರಲ್ಲಿ ತಾವಿದ್ದುದನ್ನು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. ಜನರಲ್ಲಿ ಹೆಪ್ಪುಗಟ್ಟಿದ್ದ ಅಸಮಾಧಾನ ಎಷ್ಟೆಂಬುದು ಅಲ್ಲಿನ ಆಟಗಾರರೊಂದಿಗೆ ಮಾತನಾಡಿದಾಗಲೇ ತಮಗೆ ಗೊತ್ತಾದದ್ದು, ಪಶ್ಚಿಮ ಪಾಕಿಸ್ತಾನದ ಪತ್ರಿಕೆಗಳಲ್ಲಾಗಲೀ ಸರ್ಕಾರಿ ಟಿವಿಯಲ್ಲಾಗಲೀ ಅದರ ಸುಳಿವೇ ಇರಲಿಲ್ಲ, ಅಲ್ಲಿ ನಡೆದ ಹತ್ಯೆಗಳ ವಿಚಾರ ಇಂಗ್ಲೆಂಡಿಗೆ ಹೋದ ಮೇಲೆ ತಿಳಿಯಿತು ಎಂಬುದು ಅವರ ಹೇಳಿಕೆ. ಅದೇ ಜೂನ್‌ನಲ್ಲಿ ಎಡ್ಜ್‌ಬ್ಯಾಸ್ಟನ್‌ನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಹೀಗೆ ಪಾಕಿಸ್ತಾನದ ಟೋಪಿ ತಲೆಗೇರಿದ ವರ್ಷವೇ ಆ ದೇಶ ಎರಡು ಹೋಳಾದದ್ದನ್ನೂ ಅವರು ಕಂಡರು.

ಈ ನೆನಪಿಗೆ ಮುಂದೆ ಅವರು ಕೊಟ್ಟ ಅರ್ಥ ಮುಖ್ಯವಾದದ್ದು. 1996ರ ಏಪ್ರಿಲ್‌ನಲ್ಲಿ ಪಕ್ಷ ಕಟ್ಟಿ, 1997ರಲ್ಲಿ ಒಂದೂ ಸ್ಥಾನ ಗೆಲ್ಲದೆ, 2002ರಲ್ಲಿ ಮಿಯಾಂವಾಲಿಯಿಂದ ಒಬ್ಬರೇ ಗೆದ್ದು, ಬಹುಕಾಲ ಒಂಟಿಯಾಗಿದ್ದ ಇಮ್ರಾನ್, 2011ರಲ್ಲಿ ತಮ್ಮ ಬದುಕಿನ ಕಥೆಯನ್ನೂ ದೇಶದ ಕಥೆಯನ್ನೂ ಒಟ್ಟಿಗೆ ಹೆಣೆದ ಪುಸ್ತಕವೊಂದನ್ನು ಪ್ರಕಟಿಸಿದರು. ಇತಿಹಾಸದ ಬಗ್ಗೆ ಅವರದೊಂದು ಸ್ಥಿರವಾದ ಕಥನವಿದೆ: ಇಕ್ಬಾಲ್ ಕಂಡ ಕನಸು, ಜಿನ್ನಾ ಕಟ್ಟಿದ ದೇಶ, ಆಮೇಲೆ ಬ್ರಿಟಿಷರ ಜಾಗದಲ್ಲಿ ಕುಳಿತು ಅವರಂತೆಯೇ ಆಳಿದ ಒಂದು ಸಣ್ಣ ವರ್ಗ, ಆ ವರ್ಗದಿಂದ ಕನಸಿಗೆ ಬಗೆದ ಮೋಸ. ಅಫ್ಘಾನ್ ಗಡಿಯ ಪಶ್ತೂನ್ ಬುಡಕಟ್ಟು ಪ್ರದೇಶದ ಜಿರ್ಗಾ, ಅಂದರೆ ಹಿರಿಯರ ಪಂಚಾಯಿತಿ ಪದ್ಧತಿಯನ್ನು ಮೆಚ್ಚುವುದೂ, ಇಂಗ್ಲಿಷ್ ಶಿಕ್ಷಣ ಪಡೆದವರ ಗುಲಾಮಿ ಮನಸ್ಸನ್ನು ಟೀಕಿಸುವುದೂ, ಮುಂದೆ ಪ್ರವಾದಿಯ ಕಾಲದ ಆದರ್ಶವಾದ ಮದೀನಾದ ರಾಜ್ಯ ಎಂಬ ಘೋಷಣೆ ಕೊಟ್ಟದ್ದೂ ಇದೇ ಕಥನದ ಕವಲುಗಳು. ಲಾಹೋರಿನ ಏಚಿಸನ್ ಕಾಲೇಜು, ಆಕ್ಸ್‌ಫರ್ಡಿನ ಕೀಬಲ್ ಕಾಲೇಜುಗಳಲ್ಲಿ ಓದಿ ಬಂದ ಒಬ್ಬ ವ್ಯಕ್ತಿ ಇದನ್ನು ಹೇಳುತ್ತಿರುವುದರಿಂದ ಅದಕ್ಕೆ ಆತ್ಮವಿಮರ್ಶೆಯ ಕಳೆಯೂ ಇತ್ತು. 1971 ಈ ಕಥನದಲ್ಲಿ ಬರುವುದು ಎಚ್ಚರಿಕೆಯ ಗಂಟೆಯಾಗಿ: ತನ್ನದೇ ಜನರ ಮೇಲೆ ಸೈನ್ಯ ಬಿಟ್ಟರೆ ದೇಶ ಉಳಿಯುವುದಿಲ್ಲ. ಆ ದಿನಗಳಲ್ಲಿ ಬುಡಕಟ್ಟು ಪ್ರದೇಶದ ಸೇನಾ ಕಾರ್ಯಾಚರಣೆಯನ್ನು ವಿರೋಧಿಸುವಾಗಲೆಲ್ಲ ಅವರು ಢಾಕಾವನ್ನು ನೆನೆಯುತ್ತಿದ್ದರು, ಅಂದು ಬಂಗಾಳಿಗಳ ಬಗ್ಗೆ ಕೇಳಿದ ತಿರಸ್ಕಾರದ ಮಾತುಗಳೇ ಇಂದು ಪಶ್ತೂನರ ಬಗ್ಗೆ ಕೇಳಿಬರುತ್ತಿವೆ ಎನ್ನುತ್ತಿದ್ದರು. 2011ರಲ್ಲಿ, ಪಾಕಿಸ್ತಾನ ಬಾಂಗ್ಲಾದೇಶದ ಕ್ಷಮೆ ಕೇಳಬೇಕೆಂದೂ ಹೇಳಿದರು. ಇಸ್ಲಾಮಾಬಾದಿನ ರಾಜಕಾರಣದಲ್ಲಿ ಇದು ಸುಲಭದ ಮಾತಲ್ಲ.

ಅವರಿಗಂತೂ ಅದು ಇನ್ನಷ್ಟು ಕಷ್ಟದ ಮಾತು. ಇಮ್ರಾನ್ ಅವರ ಪೂರ್ಣ ಹೆಸರು ಇಮ್ರಾನ್ ಅಹ್ಮದ್ ಖಾನ್ ನಿಯಾಜಿ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ಲೆಫ್ಟಿನೆಂಟ್ ಜನರಲ್ ಎ.ಎ.ಕೆ. ನಿಯಾಜಿ ಅದೇ ಬುಡಕಟ್ಟಿನವರು. ಇಮ್ರಾನ್ ಅವರನ್ನು ಕೆಣಕಬೇಕೆಂದಾಗಲೆಲ್ಲ ಎದುರಾಳಿಗಳು ಆ ಕುಲನಾಮವನ್ನೇ ಒತ್ತಿ ಹೇಳುತ್ತಾರೆ. ಒಬ್ಬ ಸೇನಾಧಿಕಾರಿಯ ಸೋಲನ್ನು ಇಡೀ ಬುಡಕಟ್ಟಿನ ಹೆಸರಿಗೆ ಅಂಟಿಸುವ ಈ ಚಾಳಿ ಕೀಳುಮಟ್ಟದ್ದು. ಆದರೆ ಆ ಸೋಲಿಗೆ ಯಾರು ಹೊಣೆ ಎಂಬ ಪ್ರಶ್ನೆ ಅಲ್ಲಿ ಐವತ್ತು ವರ್ಷಗಳಿಂದಲೂ ನೇರ ಉತ್ತರ ಕಾಣದೆ, ಹೀಗೆ ಬೈಗುಳದ ರೂಪದಲ್ಲಿ ಮಾತ್ರ ಉಳಿದುಕೊಂಡಿದೆ ಎಂಬುದನ್ನೂ ಅದು ತೋರಿಸುತ್ತದೆ.

ಇಮ್ರಾನ್ ಮತ್ತು ಸೇನೆಯ ಸಂಬಂಧವನ್ನು ಅರ್ಥಮಾಡಿಕೊಳ್ಳಲು ಕ್ರಿಕೆಟ್ಟಿಗೇ ಮರಳಬೇಕು. 1987ರ ಆರಂಭದಲ್ಲಿ ಭಾರತ ಮತ್ತು ಪಾಕಿಸ್ತಾನದ ಸೈನ್ಯಗಳು ಗಡಿಯಲ್ಲಿ ಎದುರುಬದುರಾಗಿ ನಿಂತಿದ್ದಾಗ ಪಾಕಿಸ್ತಾನದ ಆಗಿನ ಅಧ್ಯಕ್ಷ ಜನರಲ್ ಜಿಯಾ ಉಲ್ ಹಕ್ ಜೈಪುರಕ್ಕೆ ಬಂದು ಟೆಸ್ಟ್ ಪಂದ್ಯ ನೋಡಿದರು. ಅದೇ ಸರಣಿಯ ಕೊನೆಯ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಾರ್ಚ್ ತಿಂಗಳಲ್ಲಿ. ಮೊದಲ ನಾಲ್ಕು ಪಂದ್ಯಗಳು ಡ್ರಾ ಆಗಿದ್ದವು. ಮಣಿಂದರ್ ಸಿಂಗ್ ಏಳು ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಕೆಡವಿದ್ದರು. ಧೂಳೆದ್ದು ಚೆಂಡು ಮೂಗಿನ ಮಟ್ಟಕ್ಕೆ ನೆಗೆಯುತ್ತಿದ್ದ ಪಿಚ್ಚಿನ ಮೇಲೆ, ತಮ್ಮ ಕೊನೆಯ ಟೆಸ್ಟಿನಲ್ಲಿ ಗಾವಸ್ಕರ್ 96 ರನ್ ಗಳಿಸಿ ಹೊರನಡೆದ ಮೇಲೆ, ಭಾರತ 16 ರನ್‌ಗಳಿಂದ ಸೋತಿತು. ಕೊನೆಗೆ ಔಟಾದವರು ನಮ್ಮವರೇ ಆದ ರೋಜರ್ ಬಿನ್ನಿ. ಪಾಕಿಸ್ತಾನ ಭಾರತದ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದದ್ದು ಅದೇ ಮೊದಲು. ಆ ದಿನ ರೇಡಿಯೊಗೆ ಕಿವಿ ಹಚ್ಚಿ ಕುಳಿತಿದ್ದ ಬೆಂಗಳೂರಿನ ಒಂದು ತಲೆಮಾರಿಗೆ ಇಮ್ರಾನ್ ಎಂದರೆ ಈಗಲೂ ಆ ಸಂಜೆಯೇ ಕಣ್ಣಮುಂದೆ ಬರುತ್ತದೆ. ಅದೇ ವರ್ಷದ ವಿಶ್ವಕಪ್ ಮುಗಿದ ಮೇಲೆ ನಿವೃತ್ತಿ ಘೋಷಿಸಿದ ಇಮ್ರಾನ್ ಅವರನ್ನು 1988ರಲ್ಲಿ ಮರಳಿ ಬರುವಂತೆ ಬಹಿರಂಗವಾಗಿ ಕೇಳಿಕೊಂಡವರೂ ಜಿಯಾ ಅವರೇ. ಇಮ್ರಾನ್ ಒಪ್ಪಿದರು, ವೆಸ್ಟ್ ಇಂಡೀಸಿಗೆ ತಂಡ ಕಟ್ಟಿಕೊಂಡು ಹೋದರು. ಅಂದಿನಿಂದ 2002ರಲ್ಲಿ ಪರ್ವೇಜ್ ಮುಷರಫ್ ಅವರ ಜನಮತ ಸಂಗ್ರಹಕ್ಕೆ ಬೆಂಬಲ ಕೊಟ್ಟು ಆಮೇಲೆ ಅದಕ್ಕಾಗಿ ವಿಷಾದಪಟ್ಟಲ್ಲಿಯವರೆಗೆ, ಸೇನೆಯ ವಿಚಾರದಲ್ಲಿ ಅವರ ಹೆಜ್ಜೆಗಳು ಹಿಂದೆ ಮುಂದೆ ಆಡುತ್ತಲೇ ಇದ್ದವು.

ತಟಸ್ಥ ಅಂಪೈರ್‌ಗಳು ಬೇಕೆಂದು ಮೊದಲಿನಿಂದ ಹಟ ಹಿಡಿದ ನಾಯಕ ಇಮ್ರಾನ್. ಅತಿಥೇಯ ದೇಶದ ಅಂಪೈರ್‌ಗಳೇ ನಿಲ್ಲುವುದು ರೂಢಿಯಾಗಿದ್ದ ಕಾಲದಲ್ಲಿ, 1986ರ ವೆಸ್ಟ್ ಇಂಡೀಸ್ ಸರಣಿಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್ ಅವರನ್ನು ಲಾಹೋರಿಗೆ ಕರೆಸಿದ್ದು ಅವರ ಒತ್ತಾಯದ ಫಲ. ಗೆದ್ದರೆ ಗೆದ್ದೆವೆಂದು ಎದುರಾಳಿಯೂ ಒಪ್ಪಬೇಕು ಎಂಬ ಆ ನಿಲುವು ಕ್ರಿಕೆಟ್ಟಿಗೆ ಅವರು ಕೊಟ್ಟ ದೊಡ್ಡ ಕಾಣಿಕೆ ಎಂದು ನಾನು ನಂಬುತ್ತೇನೆ. ಆದರೆ 2014ರಲ್ಲಿ ಇಸ್ಲಾಮಾಬಾದಿನಲ್ಲಿ ನವಾಜ್ ಷರೀಫ್ ಸರ್ಕಾರದ ವಿರುದ್ಧ 126 ದಿನ ಧರಣಿ ನಡೆಸಿದಾಗ, ಅಂಪೈರ್ ಬೆರಳೆತ್ತುವ ಹೊತ್ತು ಬಂದಿದೆ ಎಂದು ಅದೇ ಇಮ್ರಾನ್ ಜನರಿಗೆ ಭರವಸೆ ಕೊಟ್ಟರು. ಇಡೀ ಪಾಕಿಸ್ತಾನ ಅದನ್ನು ಸೇನೆಯ ಬೆರಳೆಂದೇ ತಿಳಿಯಿತು. ತಾವು ಹೇಳಿದ್ದು ಅಲ್ಲಾಹನ ಬಗ್ಗೆ ಎಂದು ಅವರು ಆಮೇಲೆ ವಿವರಿಸಿದರು. 2022ರ ಮಾರ್ಚ್‌ನಲ್ಲಿ ತಮ್ಮ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಬಂದು, ಸೇನೆ ತಾನು ತಟಸ್ಥ ಎಂದಾಗ, ತಟಸ್ಥವಾಗಿರುವುದು ಪ್ರಾಣಿಗಳು ಮಾತ್ರ ಎಂದು ಸಾರ್ವಜನಿಕ ಸಭೆಯಲ್ಲಿ ಹೇಳಿದರು. ಕ್ರಿಕೆಟ್ಟಿನಲ್ಲಿ ಕಲಿತು ಕಲಿಸಿದ ಪಾಠವನ್ನು ಅವರು ರಾಜಕಾರಣದಲ್ಲಿ ಕೈಬಿಟ್ಟದ್ದು ಅಲ್ಲಿ. 1970ರ ಚುನಾವಣೆಯ ಫಲಿತಾಂಶಕ್ಕೆ ಮಣಿಯದೆ ಆಟಕ್ಕಿಳಿದ ಅಂಪೈರ್‌ನಿಂದಲೇ ತಾನೆ ದೇಶ ಒಡೆದದ್ದು?

ಅಧಿಕಾರದಲ್ಲಿದ್ದಾಗ ಢಾಕಾದ ನೆನಪಿಗೆ ಏನಾಯಿತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2018ರ ಆಗಸ್ಟ್ 18ರಂದು ಅವರು ಪ್ರಧಾನಿಯಾದರು. ಸರ್ಕಾರ ಮತ್ತು ಸೇನೆ ಒಂದೇ ಪುಟದಲ್ಲಿವೆ ಎಂಬುದು ಆ ಕಾಲದ ಹೆಮ್ಮೆಯ ಮಾತಾಗಿತ್ತು. ಅದೇ ವರ್ಷದ ಆರಂಭದಲ್ಲಿ ಕರಾಚಿಯಲ್ಲಿ ನಕೀಬುಲ್ಲಾ ಮೆಹ್ಸೂದ್ ಎಂಬ ಯುವಕನನ್ನು ಪೊಲೀಸರು ಕೊಂದ ಬಳಿಕ ಪಶ್ತೂನ್ ತಹಫ್ಫುಜ್ ಮೂವ್‌ಮೆಂಟ್ ಎಂಬ ಶಾಂತಿಯುತ ಚಳವಳಿ ಎದ್ದುನಿಂತಿತ್ತು. ಕಾಣೆಯಾದವರನ್ನು ಹುಡುಕಿಕೊಡಿ, ನೆಲಬಾಂಬುಗಳನ್ನು ತೆಗೆಯಿರಿ, ತಪಾಸಣಾ ಠಾಣೆಗಳಲ್ಲಿ ನಮ್ಮನ್ನು ಅವಮಾನಿಸಬೇಡಿ ಎಂಬುದು ಅದರ ಬೇಡಿಕೆ. ಇಮ್ರಾನ್ ಹತ್ತು ವರ್ಷಗಳಿಂದ ಹೇಳುತ್ತ ಬಂದ ಮಾತುಗಳೇ ಅವು. ಆದರೆ ಪ್ರಧಾನಿಯಾದ ಮೇಲೆ, ಅವರ ಬೇಡಿಕೆ ಸರಿ, ಹೇಳುವ ಧಾಟಿ ಸರಿಯಲ್ಲ ಎಂದರು. 2019ರ ಮೇ 26ರಂದು ಉತ್ತರ ವಜೀರಿಸ್ತಾನದ ಖಡ್‌ಕಮರ್ ಎಂಬಲ್ಲಿ ಸೇನಾ ಠಾಣೆಯ ಬಳಿ ಗುಂಡು ಹಾರಿ ಪ್ರತಿಭಟನಕಾರರು ಸತ್ತರು. ಚಳವಳಿಯ ಇಬ್ಬರು ಸಂಸದರು, ಮೊಹ್ಸಿನ್ ದಾವರ್ ಮತ್ತು ಅಲಿ ವಜೀರ್, ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಐದು ವರ್ಷಗಳ ನಂತರ ಅದೇ ತಾರೀಖಿನಂದು ಯಾಹ್ಯಾ ಖಾನ್ ಬಗೆಗಿನ ಆ ಬರಹ ಇಮ್ರಾನ್ ಖಾತೆಯಲ್ಲಿ ಬಂತು. ಇದು ಕೇವಲ ಕಾಕತಾಳೀಯ. ಆದರೂ ಪಂಚಾಂಗದ ಒಂದೇ ದಿನದಲ್ಲಿ ಕೂಡಿಬಂದ ಈ ಎರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡದಿರಲು ನನ್ನಿಂದಾಗುವುದಿಲ್ಲ. ಬಾಂಗ್ಲಾದೇಶದ ಕ್ಷಮೆಯ ಮಾತಂತೂ ಅವರ ಆಡಳಿತದಲ್ಲಿ ಅಧಿಕೃತವಾಗಿ ಬರಲೇ ಇಲ್ಲ.

2022ರ ಏಪ್ರಿಲ್ 10ರಂದು ಅಧಿಕಾರ ಹೋದ ಮೇಲೆ 1971 ಮತ್ತೆ ಬಾಯಿಗೆ ಬಂತು. ಆದರೆ ಆರೋಪಿ ಯಾರೆಂಬುದರಲ್ಲಿ ಒಂದು ವ್ಯತ್ಯಾಸವಿತ್ತು. 2022ರ ನವೆಂಬರ್ ಮೊದಲ ವಾರದ ಲಾಂಗ್ ಮಾರ್ಚ್ ಭಾಷಣದಲ್ಲಿ ಅವರು ಹೇಳಿದ್ದು, ಚುನಾವಣೆ ಗೆದ್ದ ಪಕ್ಷದ ಮೇಲೆ ಸೇನೆ ಮುಗಿಬೀಳುವಂತೆ ಮಾಡಿದ್ದು ಒಬ್ಬ ಕುತಂತ್ರಿ ರಾಜಕಾರಣಿ ಎಂದು. ಸೂಚನೆ ಭುಟ್ಟೊ ಅವರತ್ತ. ಆ ಪಾತ್ರವನ್ನು ಈಗ ನವಾಜ್ ಷರೀಫ್ ಮತ್ತು ಆಸಿಫ್ ಜರ್ದಾರಿ ವಹಿಸುತ್ತಿದ್ದಾರೆ ಎಂಬುದು ತಾತ್ಪರ್ಯ. ಸೇನೆ ಇನ್ನೂ ತಮ್ಮ ಕಡೆ ತಿರುಗಬಹುದೆಂಬ ಆಸೆಯಿದ್ದ ಕಾಲ ಅದು. ಅದೇ ವಾರ ವಜೀರಾಬಾದಿನಲ್ಲಿ ಅವರ ಕಾಲಿಗೆ ಗುಂಡು ಬಿತ್ತು. 2023ರ ಮೇ 9ರಂದು ಬಂಧನ, ಲಾಹೋರಿನಲ್ಲಿ ಕೋರ್ ಕಮಾಂಡರ್ ನಿವಾಸಕ್ಕೆ ಬೆಂಕಿ, ಸಾವಿರಾರು ಕಾರ್ಯಕರ್ತರ ಸೆರೆ. ಆಗಸ್ಟ್ 5ರಂದು ಮತ್ತೆ ಬಂಧನ. 2024ರ ಜನವರಿಯಲ್ಲಿ ಪಕ್ಷದ ಚಿಹ್ನೆಯಾದ ಬ್ಯಾಟು ಕೈತಪ್ಪಿತು. ಫೆಬ್ರುವರಿ 8ರ ಚುನಾವಣೆಯಲ್ಲಿ ಅವರ ಬೆಂಬಲಿಗರು ಬೇರೆ ಬೇರೆ ಚಿಹ್ನೆಗಳಡಿ ಪಕ್ಷೇತರರಾಗಿ ನಿಂತೂ ಅತಿ ದೊಡ್ಡ ಗುಂಪಾಗಿ ಗೆದ್ದರು, ಆದರೆ ಸರ್ಕಾರ ರಚಿಸಿದ್ದು ಬೇರೆಯವರು. ಇಷ್ಟೆಲ್ಲ ಆದ ಮೇಲೆ, ಆ ಮೇ ತಿಂಗಳ ಬರಹದಲ್ಲಿ ಭುಟ್ಟೊ ಹಿಂದೆ ಸರಿದು ಯಾಹ್ಯಾ ಖಾನ್ ಮುಂದೆ ಬಂದರು. ಒಂದೇ ಘಟನೆ, ಹದಿನೆಂಟು ತಿಂಗಳ ಅಂತರ, ಇಬ್ಬರು ಅಪರಾಧಿಗಳು. ಇತಿಹಾಸಕಾರರು ಇಬ್ಬರಿಗೂ ಪಾಲಿದೆ ಎನ್ನುತ್ತಾರೆ, ಅದು ಸರಿಯೂ ಹೌದು. ಯಾವ ದಿನ ಯಾರ ಹೆಸರು ಹೇಳಬೇಕೆಂಬುದನ್ನು ಮಾತ್ರ ಇಲ್ಲಿ ಅಂದಂದಿನ ರಾಜಕೀಯವೇ ನಿರ್ಧರಿಸಿದೆ.

ಹಾಗಾದರೆ ಅವರು ಓದಲು ಹೇಳಿದ ವರದಿಯಲ್ಲಿ ಏನಿದೆ? 1971ರ ಡಿಸೆಂಬರ್‌ನಲ್ಲಿ ಭುಟ್ಟೊ ನೇಮಿಸಿದ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮುಖ್ಯ ನ್ಯಾಯಮೂರ್ತಿ ಹಮೂದುರ್ ರಹಮಾನ್, ಸ್ವತಃ ಬಂಗಾಳಿ. 1972ರಲ್ಲಿ ಮೊದಲ ವರದಿ, ಯುದ್ಧಕೈದಿಗಳು ಮರಳಿದ ಮೇಲೆ 1974ರಲ್ಲಿ ಪೂರಕ ವರದಿ. ಎರಡೂ ಕಪಾಟು ಸೇರಿದವು. 2000ನೇ ಇಸವಿಯ ಆಗಸ್ಟ್‌ನಲ್ಲಿ ಭಾರತದ ಪತ್ರಿಕೆಯೊಂದರಲ್ಲಿ ಅದರ ಭಾಗಗಳು ಪ್ರಕಟವಾದ ಮೇಲಷ್ಟೇ, ಆ ವರ್ಷದ ಕೊನೆಗೆ, ಪಾಕಿಸ್ತಾನ ಸರ್ಕಾರ ಅದನ್ನು ಹೊರಗೆ ಬಿಟ್ಟಿತು. ಯಾಹ್ಯಾ ಖಾನ್ ಸೇರಿದಂತೆ ಹಲವು ಜನರಲ್‌ಗಳನ್ನು ಬಹಿರಂಗ ವಿಚಾರಣೆಗೆ ಗುರಿಪಡಿಸಬೇಕೆಂದು ಆಯೋಗ ಶಿಫಾರಸು ಮಾಡಿತ್ತು. ಒಬ್ಬರನ್ನೂ ವಿಚಾರಣೆಗೆ ಒಳಪಡಿಸಲಿಲ್ಲ.

ಆದರೆ ವರದಿಗೂ ಮಿತಿಗಳಿವೆ. ಸಾವುಗಳ ವಿಚಾರದಲ್ಲಿ ಅದು ಸೇನಾ ಕೇಂದ್ರ ಕಚೇರಿ ಕೊಟ್ಟ 26,000 ಎಂಬ ಸಂಖ್ಯೆಯನ್ನು ಒಪ್ಪಿಕೊಂಡಿತು; ಬಾಂಗ್ಲಾದೇಶ ಹೇಳುವ ಸಂಖ್ಯೆ 30 ಲಕ್ಷ. ಕೊಲೆಯಾದವರ ಮನೆಯವರ ಸಾಕ್ಷ್ಯ ಆಯೋಗದ ಮುಂದೆ ಬರಲು ದಾರಿಯೇ ಇರಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಬೇರೊಂದು ದೇಶದ ಪ್ರಜೆಗಳಾಗಿದ್ದರು. ಆಯೋಗವನ್ನು ನೇಮಿಸಿದವರು ಭುಟ್ಟೊ, ಅದಕ್ಕೆ ವಹಿಸಿದ ಕೆಲಸ ಮುಖ್ಯವಾಗಿ ಸೇನೆಯ ಸೋಲಿನ ತನಿಖೆ. ಹಾಗಾಗಿ ದ್ರೋಹಿ ಯಾರೆಂದು ಈ ವರದಿಯೊಂದರಿಂದಲೇ ತೀರ್ಮಾನಿಸಲು ಹೊರಟರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ವಿಚಾರವನ್ನು ಎಚ್ಚರದಿಂದಲೇ ಹೇಳಬೇಕು. ಆಯೋಗ ವಿಚಾರಣೆಗೆ ಹೆಸರಿಸಿದವರಲ್ಲಿ ಮೇಜರ್ ಜನರಲ್ ಗುಲಾಂ ಉಮರ್ ಒಬ್ಬರು; ಅವರ ಮಗ ಅಸದ್ ಉಮರ್ ಇಮ್ರಾನ್ ಸರ್ಕಾರದ ಮೊದಲ ಹಣಕಾಸು ಸಚಿವ. ಆ ಬರಹದ ವಿಚಾರಣೆಗೆ ನೋಟಿಸು ಪಡೆದವರಲ್ಲಿ ಒಬ್ಬರಾದ ಒಮರ್ ಅಯೂಬ್, 1958ರಲ್ಲಿ ಮೊದಲ ಸೇನಾಡಳಿತ ತಂದ ಅಯೂಬ್ ಖಾನ್ ಅವರ ಮೊಮ್ಮಗ. ತಂದೆ ತಾತಂದಿರ ಕೃತ್ಯಕ್ಕೆ ಮಕ್ಕಳು ಮೊಮ್ಮಕ್ಕಳನ್ನು ಹೊಣೆ ಮಾಡುವುದು ತಪ್ಪು. ಆದರೆ ಆ ಕಾಲವನ್ನು ದೂರದ ಇತಿಹಾಸವೆಂದು ಪಾಕಿಸ್ತಾನದಲ್ಲಿ ಯಾರೂ ಹೇಳುವಂತಿಲ್ಲ. ಅದು ಒಂದೇ ಸಚಿವ ಸಂಪುಟದಲ್ಲಿ, ಒಂದೇ ಪಕ್ಷದ ವೇದಿಕೆಯಲ್ಲಿ ಕುಳಿತಿತ್ತು. 2025ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಫೀಲ್ಡ್ ಮಾರ್ಷಲ್ ಆದಾಗ, ಅಯೂಬ್ ಖಾನ್ ನಂತರ ಆ ಪದವಿಗೇರಿದ ಎರಡನೆಯವರಾದರು. 1971ರ ಜನರಲ್‌ಗಳ ಬಗ್ಗೆ ಕೇಳಿದ ಪ್ರಶ್ನೆಯನ್ನು ಇಂದಿನ ಜನರಲ್‌ಗಳು ತಮ್ಮ ಬಗೆಗಿನ ಪ್ರಶ್ನೆಯೆಂದೇ ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕೇಳಿದವರ ಉದ್ದೇಶವೂ ಅದೇ ಇದ್ದಿರಬೇಕು.

ಆದರೂ ತಮ್ಮ ಪಕ್ಷವನ್ನು ಅವಾಮಿ ಲೀಗ್‌ಗೆ ಹೋಲಿಸುವಾಗ ಇಮ್ರಾನ್ ಒಂದು ದೊಡ್ಡ ವಿಚಾರವನ್ನು ದಾಟಿ ಹೋಗುತ್ತಾರೆ. ಪೂರ್ವ ಬಂಗಾಳದ ಕೋಪ ಒಂದು ಚುನಾವಣೆಯಿಂದ ಹುಟ್ಟಿದ್ದಲ್ಲ. ಉರ್ದು ಮಾತ್ರವೇ ರಾಜ್ಯಭಾಷೆಯಾಗಬೇಕೆಂದು 1948ರ ಮಾರ್ಚ್‌ನಲ್ಲಿ ಢಾಕಾದಲ್ಲೇ ನಿಂತು ಹೇಳಿದವರು ಜಿನ್ನಾ. ಬಂಗಾಳಿ ಭಾಷೆಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದದ್ದು 1952ರ ಫೆಬ್ರುವರಿ 21ರಂದು. ಇಮ್ರಾನ್ ಹುಟ್ಟಿದ್ದೂ ಅದೇ ವರ್ಷ. ದೇಶದ ಜನಸಂಖ್ಯೆಯಲ್ಲಿ ಬಹುಪಾಲಾಗಿದ್ದೂ ಸೇನೆಯಲ್ಲಿ, ಆಡಳಿತದಲ್ಲಿ, ಹಣ ಹಂಚಿಕೆಯಲ್ಲಿ ಹಿಂದೆ ಉಳಿದ ಒಂದು ಭಾಷಿಕ ಸಮುದಾಯದ ಕಾಲು ಶತಮಾನದ ನೋವು ಅದು. ಮಾತೃಭಾಷೆಯ ಮೇಲೆ ಇನ್ನೊಂದು ಭಾಷೆಯನ್ನು ಹೇರಿದಾಗ ಎದೆಯಲ್ಲಿ ಏನಾಗುತ್ತದೆಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಮ್ರಾನ್ ಅವರಿಗಾದ ಅನ್ಯಾಯ ನಿಜ, ಆದರೆ ಅದು ಲಾಹೋರಿನ ಜಮಾನ್ ಪಾರ್ಕಿನಲ್ಲಿ ಬೆಳೆದ, ಸೇನೆಯ ಮೆಚ್ಚುಗೆಗೂ ಒಮ್ಮೆ ಪಾತ್ರನಾಗಿದ್ದ ನಾಯಕನಿಗಾದ ಅನ್ಯಾಯ. ಇಕ್ಬಾಲರ ಕನಸು, ಜಿನ್ನಾರ ದೇಶ, ಆಮೇಲೆ ಮೋಸ ಎಂಬ ಅವರ ಕಥನದಲ್ಲಿ, ಆ ಕನಸಿನೊಳಗೇ ಬಂಗಾಳಿಗೆ ಎಷ್ಟು ಜಾಗವಿತ್ತು ಎಂಬ ಪ್ರಶ್ನೆಗೆ ಸಿಗಬೇಕಾದ ತೂಕ ಸಿಗುವುದಿಲ್ಲ. 1971ರ ಹತ್ಯೆಗಳಿಗೆ ಸಂಬಂಧಿಸಿ ಬಾಂಗ್ಲಾದೇಶದ ಜಮಾತ್-ಎ-ಇಸ್ಲಾಮಿ ಪಕ್ಷದ ನಾಯಕ ಅಬ್ದುಲ್ ಕಾದರ್ ಮುಲ್ಲಾ ಅವರನ್ನು ಢಾಕಾದಲ್ಲಿ 2013ರ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದಾಗ, ಆತ ನಿರಪರಾಧಿ ಎಂಬ ನಿಲುವನ್ನು ಇಮ್ರಾನ್ ತಾಳಿದರು. ಆ ವಿಚಾರಣೆಗಳ ಕ್ರಮದ ಬಗ್ಗೆ ಮಾನವ ಹಕ್ಕು ಸಂಘಟನೆಗಳಿಗೂ ಆಕ್ಷೇಪವಿತ್ತು, ಒಪ್ಪೋಣ. ಆದರೆ ಎರಡು ವರ್ಷದ ಹಿಂದೆ ಕ್ಷಮೆಯ ಮಾತಾಡಿದವರು, ಸತ್ತವರ ಮಕ್ಕಳಿಗೆ ಆ ದಿನ ಹೇಗನಿಸಿರಬಹುದೆಂದು ಒಂದು ಮಾತು ಸೇರಿಸಬಹುದಿತ್ತು.

ಢಾಕಾದಲ್ಲೂ ಕಾಲ ಬದಲಾಗಿದೆ. ಇಮ್ರಾನ್ ಜೈಲು ಸೇರಿ ಸರಿಯಾಗಿ ಒಂದು ವರ್ಷಕ್ಕೆ, 2024ರ ಆಗಸ್ಟ್ 5ರಂದು, ಮುಜೀಬ್ ಅವರ ಮಗಳು ಶೇಖ್ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದರು. ಧಾನ್‌ಮಂಡಿಯ 32ನೇ ರಸ್ತೆಯ ಮುಜೀಬರ ಮನೆಗೆ ಬೆಂಕಿ ಬಿತ್ತು, ಮರುವರ್ಷದ ಫೆಬ್ರುವರಿಯಲ್ಲಿ ಅದನ್ನು ಕೆಡವಿಯೇ ಹಾಕಿದರು. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ನಡುವೆ ಮತ್ತೆ ಓಡಾಟ ಶುರುವಾಗಿದೆ. 2025ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಇಶಾಕ್ ದಾರ್ ಢಾಕಾಕ್ಕೆ ಹೋದಾಗ ಪತ್ರಕರ್ತರು 1971ರ ಬಗ್ಗೆ ಕೇಳಿದರು. ಅದು 1974ರಲ್ಲೊಮ್ಮೆ, ಆಮೇಲೆ ಮುಷರಫ್ ಕಾಲದಲ್ಲೊಮ್ಮೆ, ಹೀಗೆ ಎರಡು ಸಲ ಇತ್ಯರ್ಥವಾಗಿದೆ ಎಂದು ಅವರು ಉತ್ತರಿಸಿದರು. ಮುಜೀಬ್ ಅವರ ಪಕ್ಷ ಅಧಿಕಾರದಿಂದ ಹೋದ ಮೇಲೆ ಬಂದ ಮಧ್ಯಂತರ ಸರ್ಕಾರದಲ್ಲಿ ವಿದೇಶಾಂಗ ಹೊಣೆ ಹೊತ್ತಿದ್ದ ತೌಹಿದ್ ಹುಸೇನ್, ಆ ಮಾತನ್ನು ತಾವು ಒಪ್ಪುವುದಿಲ್ಲ ಎಂದರು.